ಪ್ರೈವೇಟ್ ಗಾಡಿ ಮಾಡಿಕೊಂಡರೆ ಇಟಲಿಯ ಟಸ್ಕನಿಯಲ್ಲಿ ಒಂದೇ ದಿನಕ್ಕೆ ಎಷ್ಟು ಊರು ನೋಡಬಹುದು?

ಓದುಗರ ಪ್ರಶ್ನೆ: "ಫ್ಲಾರೆನ್ಸ್‌ನಲ್ಲಿ ಮೂರು ರಾತ್ರಿ ಇರ್ತೀವಿ. ಒಟ್ಟು ಆರು ಜನ. ಒಂದು ದಿನ ಪ್ರೈವೇಟ್ ವ್ಯಾನ್, ಗೈಡ್ ಮಾಡ್ಕೊಂಡು ಪಿಸಾ, ಸಾನ್ ಜಿಮಿನ್ಯಾನೊ, ಸಿಯೆನಾ, ಜೊತೆಗೆ ಎರಡು ವೈನರಿ ನೋಡೋಣ ಅಂದ್ಕೊಂಡಿದ್ದೀವಿ. ಬಸ್ ಟೂರ್‌ನವರೇ ಹೆಚ್ಚುಕಮ್ಮಿ ಇಷ್ಟು ತೋರಿಸ್ತಾರೆ. ನಮ್ಮದು ಪ್ರೈವೇಟ್ ಅಲ್ವಾ, ಇನ್ನೊಂದೆರಡು ಊರು ಸೇರಿಸಬಹುದಾ?"

ಸೇರಿಸಬೇಡಿ. ಇರುವುದರಲ್ಲೇ ಅರ್ಧ ತೆಗೆಯಿರಿ. ಎರಡು ಊರು, ಒಂದು ವೈನರಿ, ಕೂತು ತಿನ್ನುವ ಒಂದು ಊಟ. ದಿನ ತುಂಬಿತು.

ಈ ಉತ್ತರವನ್ನು ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಊರಿನ ಹೆಸರುಗಳು ಬದಲಾಗುತ್ತವೆ, ಪ್ರಶ್ನೆ ಮಾತ್ರ ಅದೇ. ಒಂದು ಸಾಲಿನಲ್ಲಿ ಹೇಳಿದರೆ ಯಾರೂ ನಂಬುವುದೂ ಇಲ್ಲ. "ನಾವು ಬೇಗ ಏಳ್ತೀವಿ, ನೀವು ಯೋಚನೆ ಮಾಡಬೇಡಿ" ಅನ್ನುತ್ತಾರೆ. ಹಾಗಾಗಿ ಈ ಸಲ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ. ದುಡ್ಡು ಜಾಸ್ತಿ ಕೊಟ್ಟರೆ ಊರೂ ಜಾಸ್ತಿ ಸಿಗುತ್ತದೆ ಅನ್ನುವ ನಂಬಿಕೆ ನಮ್ಮವರಲ್ಲಿ ಬಹಳ ಗಟ್ಟಿಯಾಗಿದೆ. ಅದು ಪೂರ್ತಿ ತಪ್ಪು.

ಬರೀ ರಸ್ತೆಯ ಹೊತ್ತು ನೋಡಿ. ಫ್ಲಾರೆನ್ಸ್‌ನಿಂದ ಪಿಸಾ ಸುಮಾರು 85 ಕಿಲೋಮೀಟರ್, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಪಿಸಾದಿಂದ ಸಾನ್ ಜಿಮಿನ್ಯಾನೊಗೆ ಒಂದೂಕಾಲು ಗಂಟೆ. ಅಲ್ಲಿಂದ ಸಿಯೆನಾಗೆ ಮುಕ್ಕಾಲು ಗಂಟೆಯ ಮೇಲೆ. ಸಿಯೆನಾದಿಂದ ವಾಪಸ್ ಫ್ಲಾರೆನ್ಸ್‌ಗೆ ಒಂದೂಕಾಲು ಗಂಟೆ. ನಾಲ್ಕೂವರೆ ಗಂಟೆ ಸೀಟಿನಲ್ಲೇ ಕಳೆಯಿತು. ಪ್ರೈವೇಟ್ ಗಾಡಿಯವರು ಸಾಮಾನ್ಯವಾಗಿ ಒಂದು ದಿನ ಅಂತ ಕೊಡುವುದು ಎಂಟು ಅಥವಾ ಒಂಬತ್ತು ಗಂಟೆ, ಹೋಟೆಲ್ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ. ಒಂಬತ್ತು ಅಂತಲೇ ಹಿಡಿದರೂ ಉಳಿದಿದ್ದು ನಾಲ್ಕೂವರೆ. ವೈನರಿಯ ಒಂದು ಭೇಟಿಗೆ ಕಡಿಮೆ ಅಂದರೂ ಒಂದೂವರೆ ಗಂಟೆ ಬೇಕು, ಎರಡಕ್ಕೆ ಮೂರು ಗಂಟೆ. ಊಟಕ್ಕೆ ಒಂದು ಗಂಟೆ ಇಡಿ. ಕೈಯಲ್ಲಿ ಉಳಿದಿದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಪಿಸಾ, ಸಾನ್ ಜಿಮಿನ್ಯಾನೊ, ಸಿಯೆನಾ, ಮೂರನ್ನೂ ನೋಡಬೇಕು!

ಇಷ್ಟು ತೋರಿಸಿದ ಮೇಲೂ ಒಂದು ವಾದ ಬರುತ್ತದೆ: "ಬಸ್‌ಗಿಂತ ವ್ಯಾನ್ ಬೇಗ ಹೋಗುತ್ತದೆ." ಹೋಗುವುದಿಲ್ಲ. ಬಸ್ಸೂ ವ್ಯಾನೂ ಒಂದೇ ರಸ್ತೆಯಲ್ಲಿ ಓಡುತ್ತವೆ. ಫ್ಲಾರೆನ್ಸ್–ಸಿಯೆನಾ ರಸ್ತೆಗೆ ವೇಗದ ಮಿತಿ ಇದೆ, ಕ್ಯಾಮೆರಾ ಇದೆ. ಡ್ರೈವರ್ ಲೈಸೆನ್ಸ್ ಅವನ ಅನ್ನ. ನಿಮ್ಮ ಪಟ್ಟಿ ಮುಗಿಸಲಿಕ್ಕೆ ಅವನು ಅದನ್ನು ಪಣಕ್ಕಿಡುವುದಿಲ್ಲ. ಈ ಎರಡೂರಿನ ನಡುವಿನ ಕಿಯಾಂತಿ ಬೆಟ್ಟದೊಳಗಿನ ಹಳೆಯ ದಾರಿ ಹಿಡಿದರಂತೂ ಚಾರ್ಮಾಡಿ ಘಾಟಿಯ ಹಾಗೆ ತಿರುವಿನ ಮೇಲೆ ತಿರುವು. ಅಲ್ಲಿ ಜೋರಾಗಿ ಹೋದರೆ ಹಿಂದಿನ ಸೀಟಿನವರು ಮೊದಲ ವೈನರಿ ತಲುಪುವ ಹೊತ್ತಿಗೆ ವಾಂತಿ ಮಾಡಿಕೊಂಡಿರುತ್ತಾರೆ.

ಇನ್ನೊಂದು ವಾದ: "ಊರ ಮಧ್ಯಕ್ಕೇ ಇಳಿಸುತ್ತಾರೆ, ನಡೆಯುವ ಹೊತ್ತು ಉಳಿಯುತ್ತದೆ." ಅದೂ ಅಷ್ಟಕ್ಕಷ್ಟೇ. ಈ ಕಡೆಯ ಊರುಗಳಲ್ಲಿ ಹೆಚ್ಚಿನವು ಗುಡ್ಡದ ಮೇಲೆ, ಕೋಟೆಗೋಡೆಯೊಳಗೆ ಇರುವಂಥವು. ಗಾಡಿ ಹೆಚ್ಚಿನ ಕಡೆ ಬಾಗಿಲ ಹತ್ತಿರ ನಿಲ್ಲುತ್ತದೆ, ಆಮೇಲೆ ಕಲ್ಲುಹಾಸಿನ ಏರು ಹತ್ತುವುದು ನಿಮ್ಮ ಕಾಲಿನ ಕೆಲಸ. ದಕ್ಷಿಣದ ಮೊಂಟೆಪುಲ್ಚಾನೊ ಅನ್ನುವ ಊರಿನಲ್ಲಿ ಕೆಳಗಿನ ಬಾಗಿಲಿನಿಂದ ಮೇಲಿನ ದೊಡ್ಡ ಚೌಕಕ್ಕೆ ಹತ್ತಿದರೆ ಮಂಡಿನೋವಿನವರು ಎರಡು ಸಲ ಕೂರುತ್ತಾರೆ. ಅದೇ ಏರಿನಲ್ಲಿ ಆಗಸ್ಟ್ ಕೊನೆಯ ಭಾನುವಾರ ಊರಿನ ಎಂಟು ಕೇರಿಯವರು 80 ಕೆಜಿಯ ಮರದ ಪೀಪಾಯಿ ಉರುಳಿಸಿಕೊಂಡು ಮೇಲಕ್ಕೆ ಓಡುವ ಪಂದ್ಯ ಕಟ್ಟುತ್ತಾರೆ.

ಹಾಗಾದರೆ ಬಸ್‌ನವರು ಹೇಗೆ ತೋರಿಸುತ್ತಾರೆ? ಹನ್ನೆರಡು ಗಂಟೆಯಷ್ಟು ದಿನ ತೆಗೆದುಕೊಳ್ಳುತ್ತಾರೆ. ವೈನರಿ ಒಂದೇ, ಊಟವನ್ನೂ ಅಲ್ಲೇ ಮುಗಿಸುತ್ತಾರೆ. ಸಾನ್ ಜಿಮಿನ್ಯಾನೊದಲ್ಲಿ ಒಂದು ಗಂಟೆ ಬಿಟ್ಟು ಮತ್ತೆ ಹತ್ತಿಸಿಕೊಳ್ಳುತ್ತಾರೆ. ಅಷ್ಟೇ ಸಾಕು ಅನ್ನುವವರಿಗೆ ಅದು ಒಳ್ಳೆಯ ವ್ಯವಸ್ಥೆ, ದುಡ್ಡೂ ಕಡಿಮೆ. ನಾನು ಬಸ್ ಟೂರ್ ಬೈಯುವವನಲ್ಲ. ಬಸ್‌ನವರ ಪಟ್ಟಿಯನ್ನೇ ತಂದು ಪ್ರೈವೇಟ್ ಗಾಡಿಯವನ ಕೈಗೆ ಕೊಡುತ್ತೀರಲ್ಲ, ನನ್ನ ತಕರಾರು ಅದಕ್ಕೆ. ಅದೇ ದಿನಕ್ಕೆ ಸುಮ್ನೆ ಹಲವು ಪಟ್ಟು ದುಡ್ಡು ಕೊಟ್ಟ ಹಾಗಾಯಿತು.

ಪ್ರೈವೇಟ್ ಗಾಡಿಗೆ ಬೆಲೆ ಬರುವುದು ಬೇರೆ ಏನೂ ಸುಲಭವಾಗಿ ಹೋಗದ ಕಡೆ. ಪಿಸಾಗೆ ಫ್ಲಾರೆನ್ಸ್ ಸ್ಟೇಷನ್ನಿನಿಂದ ಮೇಲಿಂದ ಮೇಲೆ ರೈಲಿದೆ, ಒಂದು ಗಂಟೆಯ ಆಸುಪಾಸಿನ ದಾರಿ. ಸಿಯೆನಾಗೆ ನೇರ ಬಸ್ ಇದೆ, ಒಂದೂಕಾಲು ಗಂಟೆ. ಈ ಎರಡಕ್ಕೆ ವ್ಯಾನ್ ಮಾಡುವುದು ದಂಡ. ಅವನ್ನು ನಿಮ್ಮ ಬೇರೆ ದಿನಗಳಿಗೆ ಇಟ್ಟುಕೊಳ್ಳಿ. ಗಾಡಿಯ ದಿನವನ್ನು ದ್ರಾಕ್ಷಿ ತೋಟದ ನಡುವಿನ ಸಣ್ಣ ಊರುಗಳಿಗೆ ಕೊಡಿ. ಅಲ್ಲಿ ದಿಕ್ಕು ಎರಡಿವೆ, ಒಂದನ್ನು ಮಾತ್ರ ಆರಿಸಿ.

ಮೊದಲನೆಯದು ಕಿಯಾಂತಿ. ಫ್ಲಾರೆನ್ಸ್‌ನಿಂದ ಗ್ರೇವೆಗೆ 30 ಕಿಲೋಮೀಟರ್, ಮುಕ್ಕಾಲು ಗಂಟೆ ಬೇಕು. ತ್ರಿಕೋನಾಕಾರದ ಚೌಕ, ಸುತ್ತ ಕಮಾನು, ಕಮಾನಿನ ಕೆಳಗೆ ಅಂಗಡಿಗಳು. ಶನಿವಾರ ಬೆಳಿಗ್ಗೆ ಸಂತೆ. ಗ್ರೇವೆಯ ಮೇಲೆಯೇ ಮೊಂಟೆಫಿಯೊರಾಲೆ ಅನ್ನುವ ಪುಟ್ಟ ಕೋಟೆ ಹಳ್ಳಿ, ಅರ್ಧ ಗಂಟೆಯಲ್ಲಿ ಒಂದು ಸುತ್ತು ಹಾಕಬಹುದು. ಅಲ್ಲಿಂದ ಪಾಂಜಾನೊ ದಾಟಿ ಕಾಸ್ತೆಲ್ಲೀನಾ ಅಥವಾ ರಾದ್ದಾ. ನಡುವೆ ಎಲ್ಲಾದರೂ ಒಂದು ವೈನರಿಯಲ್ಲಿ ಊಟ.

ಈ ದಾರಿಯಲ್ಲಿ ಒಳ್ಳೆ ಗೈಡ್ ಇದ್ದರೆ ಗಾಡಿಯ ಹೊತ್ತೂ ವ್ಯರ್ಥವಾಗುವುದಿಲ್ಲ. 1716ರಲ್ಲಿ ಟಸ್ಕನಿಯ ದೊರೆ ಮೂರನೇ ಕೋಸಿಮೊ ದೆ ಮೆಡಿಚಿ ಇಲ್ಲಿಂದ ಇಲ್ಲಿಯವರೆಗಿನ ವೈನ್ ಮಾತ್ರ ಕಿಯಾಂತಿ ಅಂತ ಗಡಿ ಹಾಕಿದ. ವೈನ್‌ಗೆ ಊರಿನ ಗಡಿ ಹಾಕಿದ ಜಗತ್ತಿನ ಮೊದಮೊದಲ ಆಜ್ಞೆಗಳಲ್ಲಿ ಅದೂ ಒಂದು. ಇಲ್ಲಿನ ಬಾಟಲಿಗಳ ಮೇಲಿನ ಕಪ್ಪು ಹುಂಜದ ಕಥೆಯನ್ನೂ ಗೈಡ್ ಹೇಳೇ ಹೇಳುತ್ತಾರೆ. ಫ್ಲಾರೆನ್ಸ್ ಮತ್ತು ಸಿಯೆನಾದ ನಡುವೆ ಗಡಿ ಜಗಳ. ಕೋಳಿ ಕೂಗಿದಾಗ ಎರಡೂ ಕಡೆಯಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಸೇರಿದ ಜಾಗವೇ ಗಡಿ. ಸಿಯೆನಾದವರು ತಮ್ಮ ಬಿಳಿ ಹುಂಜಕ್ಕೆ ಚೆನ್ನಾಗಿ ತಿನ್ನಿಸಿದರು. ಫ್ಲಾರೆನ್ಸ್‌ನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಕತ್ತಲಿರುವಾಗಲೇ ಕೂಗಿತು. ಸವಾರರು ಸಿಯೆನಾಗೆ ಹತ್ತಿರದ ಫೊಂತೆರೂತೊಲಿಯಲ್ಲಿ ಎದುರಾದರು, ಕಿಯಾಂತಿ ಬಹುಪಾಲು ಫ್ಲಾರೆನ್ಸ್‌ನ ಪಾಲಾಯಿತು. ಇದು ದಂತಕಥೆ. ಆದರೆ ಆ ಹುಂಜ ಹಿಂದಿನ ಕಾಲದ ಕಿಯಾಂತಿ ಕೂಟದ ಲಾಂಛನವಾಗಿದ್ದು ನಿಜ.

ಎರಡನೆಯ ದಿಕ್ಕು ದಕ್ಷಿಣಕ್ಕೆ, ಪಿಯೆಂಜಾ ಮತ್ತು ಮೊಂಟೆಪುಲ್ಚಾನೊ. ಹೋಗಲಿಕ್ಕೇ ಒಂದೂಮುಕ್ಕಾಲು ಗಂಟೆ ಬೇಕು, ಆದರೆ ಈ ಎರಡೂರಿನ ನಡುವೆ ಬರೀ 14 ಕಿಲೋಮೀಟರ್. ಪಿಯೆಂಜಾ ನನಗೆ ಬಹಳ ಇಷ್ಟ. ಎರಡನೇ ಪಯಸ್ ಅನ್ನುವ ಪೋಪ್ ಹುಟ್ಟಿದ ಹಳ್ಳಿ ಅದು. 1459ರಲ್ಲಿ ಅದನ್ನು ಮಾದರಿ ಊರಾಗಿ ಕಟ್ಟಿಸಲು ಶುರುಮಾಡಿ ಮೂರು-ನಾಲ್ಕು ವರ್ಷದಲ್ಲಿ ಚರ್ಚು, ಅರಮನೆ, ಚೌಕ ಎಲ್ಲ ಎಬ್ಬಿಸಿದ. ಚರ್ಚನ್ನು ಗುಡ್ಡದ ಅಂಚಿಗೆ ಕಟ್ಟಿದ್ದರಿಂದ ಹಿಂಭಾಗ ಕುಸಿಯುತ್ತಾ ಬಂದಿದೆ. ಒಳಗೆ ಹೋದಾಗ ಪೀಠದ ಹಿಂದಿನ ನೆಲ, ಗೋಡೆಯ ಬಿರುಕು ಗಮನಿಸಿ. ಹೀಗೆ ನಿಂತು ನೋಡಲಿಕ್ಕೆ ಹೊತ್ತು ಬೇಕಲ್ಲ, ಅದಕ್ಕೇ ನಾನು ಊರಿನ ಪಟ್ಟಿ ಕತ್ತರಿಸಿ ಅನ್ನುವುದು.

ವೈನರಿಯ ಒಳಗೂ ಅಷ್ಟೇ. ಎರಡನೆಯದು ಬೇಡ. ನೆಲಮಾಳಿಗೆ, ಪೀಪಾಯಿ, ನಾಲ್ಕು ಲೋಟದ ರುಚಿ, ಈ ಕ್ರಮ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ಮೊದಲನೆಯದನ್ನು ಸರಿಯಾಗಿ ನೋಡಿ. ಆ ಕಪ್ಪು ಹುಂಜದ ಬಾಟಲಿಯ ಕಿಯಾಂತಿ ಕ್ಲಾಸಿಕೊ ವೈನ್‌ನಲ್ಲಿ ಕನಿಷ್ಠ 80 ಶೇಕಡಾ ಸಾಂಜೊವೆಸೆ ದ್ರಾಕ್ಷಿ ಇರಲೇಬೇಕು. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದರೆ ಅಂಚು ತೆಳ್ಳಗೆ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. ಬಾಯಿಗೆ ಹಾಕಿದರೆ ಮೊದಲು ಹುಳಿ, ಆಮೇಲೆ ವಸಡೆಲ್ಲ ಒಗರು ಹಿಡಿಯುತ್ತದೆ. ಬಹಳ ಜನ ಇಲ್ಲಿಗೇ ಮುಖ ಹಿಂಡಿ "ಚೆನ್ನಾಗಿಲ್ಲ" ಅನ್ನುತ್ತಾರೆ. ಪಕ್ಕದ ತಟ್ಟೆಯಲ್ಲಿ ಆಲಿವ್ ಎಣ್ಣೆ ಹಾಕಿದ ಬ್ರೆಡ್ ಇರುತ್ತದೆ. ಅದನ್ನು ಒಂದು ತುಂಡು ತಿಂದು ಮತ್ತೆ ಗುಟುಕರಿಸಿ. ಒಗರು ಎಷ್ಟೋ ಇಳಿದಿರುತ್ತದೆ. ಈ ವೈನ್ ಊಟದ ಜೊತೆಗೇ ಬೆಳೆದು ಬಂದದ್ದು.

ಬುಕಿಂಗ್ ಬಗ್ಗೆ ಕೆಲವು ಮಾತು. ಇಟಲಿಯಲ್ಲಿ ಡ್ರೈವರ್ ಬೇರೆ, ಗೈಡ್ ಬೇರೆ. ಬಾಡಿಗೆ ಗಾಡಿ ಓಡಿಸುವವರಿಗೆ ಒಂದು ಲೈಸೆನ್ಸ್, ಗೈಡ್ ಕೆಲಸಕ್ಕೆ ಪರೀಕ್ಷೆ ಪಾಸಾಗಿ ಪಡೆಯುವ ಇನ್ನೊಂದು. 2023ರ ಕಾನೂನು ಗೈಡ್‌ಗಳಿಗೆ ಇಡೀ ದೇಶಕ್ಕೆ ಒಂದೇ ಪಟ್ಟಿ ಮಾಡಿತು. ಇಂಗ್ಲಿಷ್ ಬರುವ ಡ್ರೈವರ್ ದಾರಿಯಲ್ಲಿ ಮಾತಾಡಿಸುತ್ತಾನೆ, ಚರ್ಚಿನೊಳಗೆ ಬಂದು ವಿವರಿಸುವ ಹಾಗಿಲ್ಲ. ಆದ್ದರಿಂದ "ಊರಿನಲ್ಲಿ ನಮ್ಮ ಜೊತೆ ಇಳಿದು ನಡೆಯುವವರು ಯಾರು?" ಅಂತ ನೇರವಾಗಿ ಕೇಳಿ. ಟೇಸ್ಟಿಂಗ್ ದುಡ್ಡು ಒಳಗೋ ಹೊರಗೋ ಅಂತಲೂ ಕೇಳಿ. ಎಷ್ಟೋ ಕಡೆ ಹೊರಗೇ ಇರುತ್ತದೆ, ಅದೂ ತಲೆಗಿಷ್ಟು ಅಂತ. ಗಾಡಿಯ ಬಾಡಿಗೆ ಮಾತ್ರ ಗಾಡಿಗೆ, ಹಾಗಾಗಿ ಆರು ಜನಕ್ಕೆ ನಿಮಗೆ ಗಿಟ್ಟುತ್ತದೆ, ಇಬ್ಬರಿಗೆ ಭಾರ. ವೈನರಿಯನ್ನು ಮೊದಲೇ ಬುಕ್ ಮಾಡಿರಬೇಕು, ಭಾನುವಾರ ಎಷ್ಟೋ ಸಣ್ಣವು ಮುಚ್ಚಿರುತ್ತವೆ.

ನಾವೇ ಕಾರು ಓಡಿಸಿದರೆ? ಓಡಿಸಬಹುದು. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಹಳೆಯ ಊರುಗಳ ಒಳಗೆ ಹೊರಗಿನ ಗಾಡಿ ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ, ನೀವು ಬೆಂಗಳೂರಿಗೆ ಬಂದು ತಿಂಗಳುಗಳಾದ ಮೇಲೆ ದಂಡದ ಕಾಗದ ಬರುತ್ತದೆ. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ. ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗಿಲ್ಲದವರಿಗೆ ಸೊನ್ನೆ. ಸ್ಟೇರಿಂಗ್ ಹಿಡಿದವರು ಕುಡಿಯಬಾರದು, ಇದರಲ್ಲಿ ಚೌಕಾಸಿ ಇಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಆರು ಜನರಲ್ಲಿ ಅಪ್ಪ-ಅಮ್ಮ ಇದ್ದಾರಾ? "ಅವರು ಕುಡಿಯಲ್ಲ, ವೆಜ್ ಬೇರೆ, ಹೋಟೆಲ್‌ನಲ್ಲೇ ಇರ್ತಾರೆ" ಅಂತ ಬಿಟ್ಟು ಹೋಗುವವರು ಬಹಳ. ನನಗೆ ಇದು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಈ ದಿನವನ್ನು ಅವರಷ್ಟು ಚೆನ್ನಾಗಿ ಅನುಭವಿಸುವವರು ಇಲ್ಲ. ಜಮೀನು ನೋಡಿ ಬೆಳೆದವರು ತೋಟದ ಸಾಲಿನಲ್ಲಿ ನಿಂತರೆ ಮಣ್ಣು ಮುಟ್ಟಿ ನೋಡುತ್ತಾರೆ, ನೀರು ಎಲ್ಲಿಂದ ಅಂತ ಕೇಳುತ್ತಾರೆ, ಸವರುವುದು ಯಾವಾಗ ಅಂತ ಕೇಳುತ್ತಾರೆ. ನಮ್ಮ ಕಡೆ ವೈನ್ ದ್ರಾಕ್ಷಿ ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲಾದರೆ ಅಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ಗೆ. ಇದು ಅವರಿಗೆ ನಿಜವಾಗಿ ಬೇಕಾದ ಸುದ್ದಿ.

ಅವರಿಗೆ ತೋರಿಸಲೇಬೇಕಾದ್ದು ವಿನ್ ಸಾಂತೊ ಅನ್ನುವ ಸಿಹಿ ವೈನ್ ಮಾಡುವ ಅಟ್ಟ. ಬಿಳಿ ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಚಾಪೆಯ ಮೇಲೆ ಹರಡಿಯೋ ತೂಗುಹಾಕಿಯೋ ಒಣಗಿಸಿ, ಆಮೇಲೆ ಹಿಂಡಿ, ಸಣ್ಣ ಪೀಪಾಯಿಗಳಿಗೆ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ತೆಗೆಯದೆ ಇಡುತ್ತಾರೆ. ನೆಲಮಾಳಿಗೆಯ ತಂಪಿನಲ್ಲಲ್ಲ, ಹೆಂಚಿನ ಕೆಳಗೆ, ಬೇಸಿಗೆಯ ಕಾವು ಚಳಿಗಾಲದ ಶೀತ ಎರಡೂ ತಟ್ಟುವ ಹಾಗೆ. ಅಟ್ಟದ ಬಾಗಿಲು ತೆರೆದಾಗ ಒಣದ್ರಾಕ್ಷಿ, ಬೆಲ್ಲ, ಹಳೆ ಮರ ಎಲ್ಲ ಸೇರಿದ ಘಮ ಬರುತ್ತದೆ. ಕುಡಿಯದವರಿಗೂ ಅದು ಸಿಗುತ್ತದೆ. ಎಲ್ಲ ವೈನರಿಯಲ್ಲಿ ಈ ಅಟ್ಟ ಇರುವುದಿಲ್ಲ, ಆರಿಸುವಾಗಲೇ ಕೇಳಿಕೊಳ್ಳಿ.

ಊಟದ ವಿಷಯ. ವೆಜ್ ಊಟಕ್ಕೆ ಅಲ್ಲಿ ಬರವಿಲ್ಲ. ದಪ್ಪ ಶಾವಿಗೆಯಂಥ ಪಿಚಿಗೆ ಟೊಮೆಟೊ-ಬೆಳ್ಳುಳ್ಳಿ ಸಾಸ್, ಕಾಳು-ಸೊಪ್ಪು-ಹಳೆ ಬ್ರೆಡ್ ಹಾಕಿ ಕುದಿಸುವ ರಿಬೊಲ್ಲಿತಾ, ಟೊಮೆಟೊದಲ್ಲಿ ಬ್ರೆಡ್ ಬೇಯಿಸಿದ ಪಪ್ಪಾ ಅಲ್ ಪೊಮೊದೊರೊ. ಕೊನೆಯದು ಅಮ್ಮಂದಿರಿಗೆ ಕೂಡಲೇ ಹಿಡಿಸುತ್ತದೆ. ಆದರೆ ಎರಡು ಎಚ್ಚರಿಕೆ. ರಿಬೊಲ್ಲಿತಾದ ಒಗ್ಗರಣೆಗೆ ಹಂದಿಮಾಂಸದ ಚೂರು ಹಾಕುವ ಮನೆಗಳಿವೆ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಪಿಯೆಂಜಾದ ಕುರಿಹಾಲಿನ ಪೆಕೊರಿನೊದಲ್ಲೂ ಎಷ್ಟೋ ಕಡೆ ಪ್ರಾಣಿಮೂಲದ್ದೇ. ಕಟ್ಟುನಿಟ್ಟಾಗಿ ಪಾಲಿಸುವವರಿದ್ದರೆ ಅಲ್ಲಿ ಹೋಗಿ ಟೇಬಲ್‌ನಲ್ಲಿ ಹೇಳಿದರೆ ತಡವಾಯಿತು. ಬುಕ್ ಮಾಡುವ ದಿನವೇ ಮಾಂಸ, ಮೀನು, ಮಾಂಸದ ಸಾರು, ರೆನ್ನೆಟ್ ಇರುವ ಚೀಸ್ ಯಾವುದೂ ಬೇಡ ಅಂತ ಒಂದೊಂದಾಗಿ ಹೆಸರು ಬರೆದು ಕಳಿಸಿ. ಇಷ್ಟು ಜನ ಕುಡಿಯುವುದಿಲ್ಲ ಅಂತಲೂ ಬರೆಯಿರಿ. ಎಷ್ಟೋ ಕಡೆ ಅಂಥವರಿಗೆ ಟೇಸ್ಟಿಂಗ್ ದುಡ್ಡು ಬಿಟ್ಟು ಬರೀ ಊಟದ ದುಡ್ಡು ಹಾಕುತ್ತಾರೆ. ಟಸ್ಕನಿಯ ಬ್ರೆಡ್‌ಗೆ ಉಪ್ಪು ಹಾಕುವುದಿಲ್ಲ, ಅಪ್ಪನಿಗೆ ಸಪ್ಪೆ ಅನ್ನಿಸಿದರೆ ಉಪ್ಪು ಕೇಳಿ ಹಾಕಿಸಿಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.