ಮುಪ್ಪನ್ನು ವಂಶವಾಹಿಯಲ್ಲೇ ತಡೆಯಬಹುದೇ?

ದಾವಣಗೆರೆಯಲ್ಲಿ ವೃದ್ಧರ ಚಿಕಿತ್ಸೆಯಲ್ಲಿ ತೊಡಗಿರುವ ನನ್ನನ್ನು, ಸಕ್ಕರೆ ಕಾಯಿಲೆ, ಮಂಡಿನೋವುಗಳ ವಿಚಾರ ಮುಗಿದ ಮೇಲೆ, "ವಯಸ್ಸಾಗೋದನ್ನೇ ನಿಲ್ಲಿಸೋ ಜೀನ್ ಇಂಜೆಕ್ಷನ್ ಬಂದೈತಂತೆ, ಅಪ್ಪಾಜಿಗೆ ಕೊಡಿಸಬಹುದೇನ್ರಿ ಡಾಕ್ಟ್ರೇ?" ಎಂದು ಮಕ್ಕಳು ಕೇಳುವುದುಂಟು. ಮುಪ್ಪಿಗೆಂದು ಅನುಮೋದನೆ ಪಡೆದ ವಂಶವಾಹಿ (ಜೀನ್) ಚಿಕಿತ್ಸೆ ನಮ್ಮ ದೇಶದಲ್ಲಾಗಲಿ, ಅಮೆರಿಕ, ಯೂರೋಪುಗಳಲ್ಲಾಗಲಿ ಇಲ್ಲ. ಹಾಗೆಂದು ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು.

1993ರಲ್ಲಿ ಅಮೆರಿಕದ ವಿಜ್ಞಾನಿ ಸಿಂಥಿಯಾ ಕೆನ್ಯನ್ ಮತ್ತು ಸಂಗಡಿಗರು, ಡ್ಯಾಫ್-2 ಎಂಬ ಒಂದೇ ವಂಶವಾಹಿ ದುರ್ಬಲಗೊಂಡ ದುಂಡುಹುಳುಗಳು ಇಮ್ಮಡಿಗೂ ಹೆಚ್ಚು ಕಾಲ ಬದುಕುವುದನ್ನು ತೋರಿಸಿದರು. ಈ ವಂಶವಾಹಿ, ಇನ್ಸುಲಿನ್ ಮಾದರಿಯ ಹಾರ್ಮೋನುಗಳ ಸಂದೇಶವನ್ನು ಜೀವಕೋಶಕ್ಕೆ ಮುಟ್ಟಿಸುವ ಮಾರ್ಗದ ಭಾಗ. ಆ ಮಾರ್ಗ ನಮ್ಮಲ್ಲಿಯೂ ಇದೆಯಾದರೂ, ಮನುಷ್ಯರಲ್ಲಿ ಅದರ ವಂಶವಾಹಿಗಳು ಆಯಸ್ಸಿನ ಮೇಲೆ ಬೀರುವ ಪ್ರಭಾವ ಅಷ್ಟು ದೊಡ್ಡದಲ್ಲ.

ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್‌ಗಳು ಜೀವಕೋಶ ವಿಭಜನೆಯಾದಂತೆಲ್ಲ ಸವೆಯುತ್ತವೆ; ಮುಪ್ಪಿಗೆ ಇದೂ ಒಂದು ಕಾರಣ. ಅವನ್ನು ಮತ್ತೆ ಬೆಳೆಸುವ ಕಿಣ್ವವೇ ಟೆಲೊಮರೇಸ್. ಆದರೆ ಸುಮಾರು ಶೇ 85ರಿಂದ 90ರಷ್ಟು ಕ್ಯಾನ್ಸರ್‌ಗಳು ಇದೇ ಕಿಣ್ವವನ್ನು ಬಳಸಿಕೊಂಡು ಬೆಳೆಯುವುದರಿಂದ, ವಯಸ್ಸಾದವರ ದೇಹದಲ್ಲಿ ಅದನ್ನು ಚುರುಕುಗೊಳಿಸುವ ಮಾತು ನನಗೆ ಭಯ ಹುಟ್ಟಿಸುತ್ತದೆ.

ನನ್ನ ದೃಷ್ಟಿಯಲ್ಲಿ ಹೆಚ್ಚು ಭರವಸೆ ಹುಟ್ಟಿಸುವುದು, ಎಳವೆಯಲ್ಲೇ ಮುಪ್ಪಿನ ಲಕ್ಷಣ ತರುವ ಪ್ರೊಜೀರಿಯಾ ಕುರಿತ ಸಂಶೋಧನೆ. ಈ ಅತಿ ವಿರಳ ಕಾಯಿಲೆಯ ಮಕ್ಕಳು ಕೂದಲು ಉದುರಿ, ರಕ್ತನಾಳಗಳು ಗಡುಸಾಗಿ, ಬಹುಪಾಲು ಹದಿಹರೆಯದಲ್ಲೇ ಹೃದಯದ ತೊಂದರೆಯಿಂದ ತೀರಿಕೊಳ್ಳುತ್ತಾರೆ. ಲ್ಯಾಮಿನ್-ಎ ವಂಶವಾಹಿಯ ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದೇ ಇದಕ್ಕೆ ಕಾರಣವೆಂದು 2003ರಲ್ಲಿ ತಿಳಿಯಿತು. ಅದೇ ದೋಷವುಳ್ಳ ಇಲಿಗಳಿಗೆ, ಆ ಅಕ್ಷರವನ್ನು ತಿದ್ದುವ ಒಂದೇ ಇಂಜೆಕ್ಷನ್ ಕೊಟ್ಟಾಗ ಅವುಗಳ ಮಧ್ಯಮ ಆಯಸ್ಸು 215 ದಿನಗಳಿಂದ 510 ದಿನಗಳಿಗೆ ಏರಿತೆಂದು 2021ರಲ್ಲಿ ವರದಿಯಾಯಿತು. ಅಲ್ಲಿ ತಿದ್ದಬೇಕಾದ ತಪ್ಪು ಯಾವುದೆಂಬುದು ಗೊತ್ತಿತ್ತು. ಎಪ್ಪತ್ತು ದಾಟಿದ ಸಾಮಾನ್ಯ ವ್ಯಕ್ತಿಯಲ್ಲಾದರೋ ಕೋಶಕೋಶಕ್ಕೂ ಬೇರೆಬೇರೆ ತಪ್ಪುಗಳು ವರ್ಷಗಟ್ಟಲೆ ಸೇರಿಕೊಂಡಿರುತ್ತವೆ; ಹೀಗಾಗಿ ಒಂದು ಅಕ್ಷರವನ್ನು ತಿದ್ದಿ ಮುಪ್ಪನ್ನು ಗುಣಪಡಿಸುವ ಮಾರ್ಗ ಅವರಿಗೆ ತೆರೆದಿಲ್ಲ.

ಆ ತೊಡಕನ್ನು ದಾಟಲು, ಜೀವಕೋಶವನ್ನೇ ಎಳೆಯ ಸ್ಥಿತಿಗೆ ಒಯ್ಯುವ ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ ಗುರುತಿಸಿದ ನಾಲ್ಕು ವಂಶವಾಹಿಗಳನ್ನು ಅಲ್ಪಕಾಲ ಮಾತ್ರ ಚಾಲನೆಗೊಳಿಸುವ ಪ್ರಯೋಗಗಳು ಇಲಿಗಳಲ್ಲಿ ನಡೆದಿವೆ. ಅವಧಿ ಮೀರಿದರೆ ಗಡ್ಡೆಗಳು ಹುಟ್ಟುತ್ತವೆ.

ಈ ನಡುವೆ ಯಾರಾದರೂ ಇಂಥ ಚಿಕಿತ್ಸೆಯನ್ನು ಪ್ರಯೋಗದ ಹೆಸರಿನಲ್ಲಿ ಮುಂದಿಟ್ಟರೆ, ಅದರ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಭಾರತದಲ್ಲಿ ಔಷಧ ಪ್ರಯೋಗಗಳನ್ನು ಆ ಸಾರ್ವಜನಿಕ ದಾಖಲೆಯಲ್ಲಿ ನಮೂದಿಸುವುದು 2009ರಿಂದ ಕಡ್ಡಾಯವಾಗಿದ್ದು, ಯಾರು ಬೇಕಾದರೂ ಅಂತರ್ಜಾಲದಲ್ಲಿ ಅದನ್ನು ಪರಿಶೀಲಿಸಬಹುದು. ಸಂಖ್ಯೆ ಕೊಡದೆ ಮುಂಗಡ ಹಣ ಕೇಳುವವರ ಬಳಿಗೆ ನಿಮ್ಮ ಹಿರಿಯರನ್ನು ಕರೆದೊಯ್ಯಬೇಡಿ.