‘ಮೆದ್ವೇದ್’ ಒಳಗೆ ವೇದ ಇದೆಯೇ?

ಪ್ರಶ್ನೆ: ರಷ್ಯನ್ನರು ಕರಡಿಗೆ ‘ಮೆದ್ವೇದ್’ ಅನ್ನುತ್ತಾರಲ್ಲ, ಅದು ನಮ್ಮ ‘ಮಧು’ ಮತ್ತು ‘ವಿದ್’ ಸೇರಿ ‘ಜೇನು ಬಲ್ಲವನು’ ಎಂದಾದ ಪದವೇ?

ಅರ್ಧ ಸರಿ. ‘ಮೆದ್’ ಎಂದರೆ ಜೇನು, ಸಂಸ್ಕೃತದ ‘ಮಧು’ವಿನ ಒಡಹುಟ್ಟು. ಆದರೆ ‘ವೇದ್’ಗೂ ವೇದಕ್ಕೂ ನಂಟಿಲ್ಲ. ರಷ್ಯನ್ನಿನಲ್ಲೂ ‘ಬಲ್ಲ’ ಎಂಬರ್ಥದ ‘ವೇದ್’ ಧಾತು ಇರುವುದರಿಂದ ಅಲ್ಲಿಯವರೇ ಎಷ್ಟೋ ಜನ ಪದವನ್ನು ಹೀಗೆ ಬಿಡಿಸುತ್ತಾರೆ. ಬಿಡಿಸಬೇಕಾದ್ದು ‘ಮೆದು + ಏದ್’ ಎಂದು. ‘ಏದ್’ ಎಂದರೆ ತಿನ್ನು, ಸಂಸ್ಕೃತದ ‘ಅದ್’. ಅಂದರೆ ಜೇನು ತಿನ್ನುವವನು.

ಹಾಗಾದರೆ ವಕಾರ ಎಲ್ಲಿಂದ ಬಂತು? ಹೈಸ್ಕೂಲಿನ ಯಣ್ ಸಂಧಿ ನೆನಪಿಸಿಕೊಳ್ಳಿ: ಮನು + ಅಂತರ = ಮನ್ವಂತರ. ಉಕಾರದ ಮುಂದೆ ಸ್ವರ ಬಂದು ಅದು ವಕಾರವಾಯಿತು. ಇಲ್ಲೂ ಅಷ್ಟೇ. ಋಗ್ವೇದದ 1ನೇ ಮಂಡಲದ 164ನೇ ಸೂಕ್ತದಲ್ಲಿ ಹಕ್ಕಿಗಳನ್ನು ‘ಮಧ್ವದಃ’ ಎಂದಿದೆ. ಅದೇ ಮಧು, ಅದೇ ಅದ್, ಅದೇ ಸಂಧಿ.

ರಷ್ಯನ್, ಉಕ್ರೇನಿಯನ್, ಪೋಲಿಷ್ ಮುಂತಾದವುಗಳ ತಾಯಿಯಾದ ಆದಿ ಸ್ಲಾವಿಕ್ ಭಾಷೆಯ ಬರಹ ಒಂದೂ ಉಳಿದಿಲ್ಲ. ಮಗಳು ಭಾಷೆಗಳನ್ನು ಹೋಲಿಸಿ ಕಟ್ಟಿಕೊಂಡ ರೂಪ *ಮೆದ್ವೇದಿ. ನಕ್ಷತ್ರ ಚಿಹ್ನೆ ಇರುವುದು ಅದಕ್ಕೇ. ಕೊನೆಯ ಇಕಾರ ಅತಿ ಗಿಡ್ಡದು. ಇದು ಇಕಾರಾಂತ ಪುಲ್ಲಿಂಗ. ಈ ವರ್ಗದ ಪುಲ್ಲಿಂಗಗಳು ರಷ್ಯನ್ನಿನಲ್ಲಿ ಬೇರೆ ವಿಭಕ್ತಿ ಪ್ರತ್ಯಯಗಳತ್ತ ವಾಲಿಬಿಟ್ಟವು. ಹಳೆಯ ಜಾಡು ಬಿಡದೆ ನಿಂತದ್ದು ‘ಪುತ್’ ಒಂದೇ, ಅದರ ಅರ್ಥ ದಾರಿ.

ನನಗೆ ಬಲು ಇಷ್ಟವಾದದ್ದು ಈ ಪದದ ಸ್ವರಗಳು. ಮಧುವಿನದು ಮಹಾಪ್ರಾಣ ಧ, ಅದ್‌ನದು ಅಲ್ಪಪ್ರಾಣ ದ. ಸ್ಲಾವಿಕ್‌ನಲ್ಲಿ ಎರಡೂ ದಕಾರವೇ ಆದವು. ಆದರೂ ಗುರುತು ಅಳಿಯಲಿಲ್ಲ: ಅಲ್ಪಪ್ರಾಣದ ಹಿಂದಿನ ಸ್ವರ ಮಾತ್ರ ದೀರ್ಘವಾಯಿತು. ಹಾಗಾಗಿ ‘ಮೆ’ ಹ್ರಸ್ವ, ‘ವೇ’ ದೀರ್ಘ. 1970ರ ದಶಕದಲ್ಲಿ ಈ ನಿಯಮವನ್ನು ಎತ್ತಿ ತೋರಿಸಿದವರು ಭಾಷಾವಿಜ್ಞಾನಿ ವೆರ್ನರ್ ವಿಂಟರ್. ಎ, ಏ ಎರಡಕ್ಕೂ ಅಕ್ಷರವಿರುವ ಕನ್ನಡದಲ್ಲಿ ಇದನ್ನು ಬರೆದು ತೋರಿಸುವುದೇ ಒಂದು ಸುಖ.

ಕರಡಿಗೆ ಇನ್ನೂ ಹಳೆಯ ಹೆಸರೊಂದಿತ್ತು. ಸಂಸ್ಕೃತದ ‘ಋಕ್ಷ’, ಗ್ರೀಕಿನ ‘ಆರ್ಕ್ಟೋಸ್’, ಲ್ಯಾಟಿನ್ನಿನ ‘ಉರ್ಸುಸ್’ ಅದರದೇ ಸಂತಾನ. ಸ್ಲಾವರು ಅದನ್ನು ಕೈಬಿಟ್ಟರು. ಕಾಡಿನಲ್ಲಿ ಹೆಸರೆತ್ತಿದರೆ ಪ್ರಾಣಿ ಎದುರಾದೀತೆಂಬ ಭಯವೇ ಕಾರಣ ಎನ್ನುತ್ತಾರೆ ಬಹುಪಾಲು ವಿದ್ವಾಂಸರು. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವನ್ನು ‘ಹುಳ’ ಅನ್ನುವುದಿಲ್ಲವೇ, ಹಾಗೆ. ಬದಲಿಗೆ ಬಂದ ಈ ಹೆಸರಿನೊಳಗಿನ ಜೇನೂ ಕ್ರಮೇಣ ಮರೆತುಹೋಯಿತು. ಉಕ್ರೇನಿಯನ್ನರು ಅದನ್ನು ತಿರುಗುಮುರುಗು ಮಾಡಿ ‘ವೆದ್ಮೀದ್’ ಎಂದರು. ಪೋಲಿಷ್‌ನಲ್ಲಿ ಮೊದಲ ಮಕಾರವೇ ನಕಾರವಾಗಿ ‘ನ್ಯೆಜ್ವ್ಯೆಚ್’ ಆಯಿತು.