ಐದು ಪ್ರತಿ, ಒಂದು ಚೀಟಿ

ಕಾಸರಗೋಡಿನ ನಮ್ಮ ಅಂಗಡಿಯಲ್ಲಿ ಕನ್ನಡಕ್ಕೆ ಇರುವುದು ಒಂದೇ ಕಪಾಟು. ಉಳಿದದ್ದೆಲ್ಲ ಮಲಯಾಳ ಪುಸ್ತಕ, ನೋಟ್‌ಬುಕ್, ಪೆನ್ನು. ಆ ಒಂದು ಕಪಾಟು ಖಾಲಿಯಾಗಬಾರದು ಎಂಬುದು ನನ್ನ ಹಟ. ಅದಕ್ಕೆ ಬರೆಯುವವರ ಸಹಾಯ ಬೇಕು.

ಪುಸ್ತಕ ಅಚ್ಚಾದ ಕೂಡಲೇ ಕೆಲವರು ಐವತ್ತು ಪ್ರತಿಯ ಕಟ್ಟನ್ನೇ ತಂದು ಇಳಿಸುತ್ತಾರೆ. "ಇರಲಿ ಮಾರಾಯ್ರೆ, ಹೋದ ಹಾಗೆ ದುಡ್ಡು ಕೊಡಿ" ಎನ್ನುತ್ತಾರೆ. ಆರು ತಿಂಗಳಾದ ಮೇಲೆ ಎಷ್ಟು ಇಳಿಸಿದ್ದು, ಎಷ್ಟು ಹೋಯಿತು ಎಂಬುದು ಅವರಿಗೂ ನೆನಪಿರುವುದಿಲ್ಲ, ನನಗೂ ಇರುವುದಿಲ್ಲ. ಮನಸ್ತಾಪ ಶುರುವಾಗುವುದೇ ಅಲ್ಲಿ. ಐದು ಪ್ರತಿ ತನ್ನಿ, ಸಾಕು. ಜೊತೆಗೊಂದು ಚೀಟಿ ಇರಲಿ. ಕೊಟ್ಟ ದಿನ, ಬೆಲೆ, ಕಮಿಷನ್, ಉಳಿದದ್ದನ್ನು ಯಾವಾಗ ವಾಪಸ್ ಒಯ್ಯುತ್ತೀರಿ, ಇಷ್ಟು ಬರೆದು ಇಬ್ಬರೂ ಸಹಿ ಹಾಕೋಣ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಲೆಕ್ಕ ಸುಲಭ. 200 ರೂಪಾಯಿ ಪುಸ್ತಕಕ್ಕೆ ಶೇ. 30 ಕಮಿಷನ್ ಎಂದರೆ ಅಂಗಡಿಗೆ 60 ರೂಪಾಯಿ. ಬಾಡಿಗೆ, ಸಂಬಳ, ಕರೆಂಟು ಎಲ್ಲ ಅದರಲ್ಲೇ ಆಗಬೇಕು.

ಇನ್ನೊಂದು ವಿಷಯ ಗಡಿಯಾಚೆಯ ಲೇಖಕರಿಗೆ ಹೊಳೆಯುವುದೇ ಇಲ್ಲ. ನಮ್ಮ ಕೌಂಟರಿನ ಹುಡುಗಿ ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಆದರೆ ಕಲಿತದ್ದು ಮಲಯಾಳದಲ್ಲಿ. ಕನ್ನಡ ಅಕ್ಷರ ಓದಲು ಬರುವುದಿಲ್ಲ. ಗಿರಾಕಿ ಪುಸ್ತಕದ ಹೆಸರು ಹೇಳಿದರೆ ಅವಳು ಕಪಾಟಿನ ಮುಂದೆ ತಡಕಾಡಬೇಕು. ಪೆರ್ಲದ ಕಡೆಯ ಲೇಖಕರೊಬ್ಬರು ಇದನ್ನು ಗಮನಿಸಿದರು. ಮುಂದಿನ ಸಲ ಬರುವಾಗ ಪುಸ್ತಕದ ಹೆಸರನ್ನು, ಅದರೊಳಗೇನಿದೆ ಎಂಬುದನ್ನು ಮೂರೇ ಸಾಲಲ್ಲಿ ಮಲಯಾಳ ಲಿಪಿಯಲ್ಲಿ ಬರೆದು ತಂದರು. ಆಮೇಲೆ ಆ ಪುಸ್ತಕವನ್ನು ಹುಡುಗಿಯೇ ಗಿರಾಕಿಗಳ ಕೈಗೆ ಕೊಡತೊಡಗಿದಳು. ಹಿಂಬದಿಯಲ್ಲಿ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರಿನ ಬಾರ್‌ಕೋಡ್ ಇದ್ದರೆ ಬಿಲ್ ಮಾಡುವುದೂ ಸಲೀಸು. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಆ ನಂಬರನ್ನು ಪುಕ್ಕಟೆಯಾಗಿ ಕೊಡುತ್ತದೆ.

ನನಗೆ ತುಂಬ ನೋವಾದ ಒಂದು ಸಂಗತಿ ಹೇಳಲೇಬೇಕು. ಒಂದು ಪುಸ್ತಕವನ್ನು ನಾನೇ ದುಡ್ಡು ಕೊಟ್ಟು 20 ಪ್ರತಿ ತರಿಸಿದ್ದೆ. ಮರುವಾರ ಬಿಡುಗಡೆ ಸಭೆಯಲ್ಲಿ ಅದನ್ನೇ ಅರ್ಧ ಬೆಲೆಗೆ ಮಾರಿದರು. ನನ್ನಲ್ಲಿ ಪೂರ್ತಿ ಬೆಲೆ ಕೊಟ್ಟು ಒಯ್ದಿದ್ದ ಹಿರಿಯರೊಬ್ಬರು ಬಂದು, "ಹೀಗೆ ಮಾಡಬಹುದಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಯಾಯಿತಿ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಮೊದಲೇ ತಿಳಿಸಿ. ಇನ್ನೂ ಒಳ್ಳೆಯದೆಂದರೆ, ಸಭೆಯಲ್ಲಿ ಮಾರುವ ಕೆಲಸವನ್ನೇ ಅಂಗಡಿಗೆ ಬಿಡಿ. ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಗಿಳಿವಿಂಡಿನಲ್ಲಿ ಕಾರ್ಯಕ್ರಮ ಇದ್ದರೂ ಸರಿ, ಬದಿಯಡ್ಕದ ಶಾಲೆಯಲ್ಲಾದರೂ ಸರಿ, ಒಂದು ಫೋನ್ ಮಾಡಿದರೆ ನಾನು ಮೇಜು ಹಾಕುತ್ತೇನೆ. ನಿಮ್ಮ ಪುಸ್ತಕದ ಜೊತೆ ಬೇರೆಯವರದ್ದೂ ನಾಲ್ಕು ಹೋಗುತ್ತವೆ.

ಜೂನ್‌ನಲ್ಲಿ ಮಾತ್ರ ಬರಬೇಡಿ. ಶಾಲೆ ಶುರುವಾಗುವ ಹೊತ್ತು, ಮಾತಾಡಲೂ ಪುರುಸೊತ್ತಿಲ್ಲ. ನವೆಂಬರ್ 1ರ ಆಸುಪಾಸು ಬನ್ನಿ. ಕರ್ನಾಟಕದ ರಾಜ್ಯೋತ್ಸವವೂ ಕೇರಳದ ಹುಟ್ಟುಹಬ್ಬವೂ ಒಂದೇ ದಿನ. ಆಗ ಎದುರಿನ ಮೇಜಿನ ಮೇಲೆ ಎರಡೂ ಭಾಷೆಯ ಪುಸ್ತಕಗಳನ್ನು ಅಕ್ಕಪಕ್ಕ ಇಡುತ್ತೇನೆ.

ನಿವೃತ್ತ ಮೇಷ್ಟ್ರೊಬ್ಬರು ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಾರೆ. ಬಂದವರು ಮೊದಲು ಬೇರೆ ಯಾರದ್ದಾದರೂ ಒಂದು ಪುಸ್ತಕ ಕೊಳ್ಳುತ್ತಾರೆ. ಆಮೇಲೆ ಚೀಟಿ ತೆಗೆದು ನನ್ನ ಲೆಕ್ಕದ ಜೊತೆ ತಾಳೆ ನೋಡುತ್ತಾರೆ. ಅವರ ಕಥಾಸಂಕಲನದ ಐದು ಪ್ರತಿ ಇಲ್ಲಿಯವರೆಗೆ ನಾಲ್ಕು ಸಲ ಖಾಲಿಯಾಗಿದೆ. ಮುಂದಿನ ಐದು ತರಲು ನಿನ್ನೆಯಷ್ಟೇ ಫೋನ್ ಮಾಡಿ ಹೇಳಿದ್ದೇನೆ.